ದೊಡ್ಡ ಹೋಟೆಲಿನವರು ದರ್ಶಿನಿ ತೆರೆದರೆ ಏನಾಗುತ್ತೆ? ವಿಮಾನ ಕಂಪನಿಗಳ ಅಗ್ಗದ ಮರಿಗಳ ಲೆಕ್ಕ

ಇವತ್ತು ವಿಮಾನದ ವಿಷಯ. ಆದ್ರೆ ಶುರು ಮಾಡೋದು ನಮ್ಮ ಅಮ್ಮನಿಂದ.

ನಾನು ಪಿಯುಸಿಯಲ್ಲಿದ್ದಾಗ ಅಕ್ಕನ ಬಾಣಂತನಕ್ಕೆ ಅಂತ ಅಮ್ಮ ದೆಹಲಿಗೆ ಹೊರಟರು. ಅವರಿಗೆ ಅದೇ ಮೊದಲ ವಿಮಾನ ಪ್ರಯಾಣ. ಟಿಕೆಟ್ ತೆಗೆದಿದ್ದು ಭಾವ. ಕಂಪನಿ ಯಾವುದು ಅಂತ ಹೇಳೋದಿಲ್ಲ, ದೊಡ್ಡ ಹೆಸರು. "ಅತ್ತೆ, ಒಳ್ಳೇ ವಿಮಾನ, ಊಟ ಎಲ್ಲ ಅವರೇ ಕೊಡ್ತಾರೆ, ಬುತ್ತಿ ಕಟ್ಟಿಕೊಳ್ಳೋದೇನೂ ಬೇಡ" ಅಂತ ಭಾವ ಫೋನಲ್ಲಿ ಹೇಳಿದ್ರು. ಅಮ್ಮ ನಂಬಿದ್ರು. ವಿಮಾನ ಏರಿದ ಮೇಲೆ ಗಗನಸಖಿ ತಳ್ಳುಗಾಡಿ ತಂದ್ರು. ಅಮ್ಮ ಕೈ ಚಾಚೋ ಹೊತ್ತಿಗೆ ಪಕ್ಕದ ಸೀಟಿನವರು ದುಡ್ಡು ತೆಗೆದು ಕೊಡೋದು ಕಾಣಿಸಿತು. ಅಮ್ಮ ಕೈ ಹಿಂದಕ್ಕೆ ತಗೊಂಡು, "ಬೇಡಮ್ಮ, ಹೊಟ್ಟೆ ತುಂಬಿದೆ" ಅಂದ್ರಂತೆ. ಚೀಲದಲ್ಲಿ ಅಕ್ಕನಿಗೆ ಅಂತ ಮಾಡಿದ ಅಂಟಿನುಂಡೆ ಇತ್ತು, ಅದನ್ನೂ ಮುಟ್ಟಲಿಲ್ಲ. ದೆಹಲಿಗೆ ಇಳಿದ ಮೇಲೆ ಭಾವನಿಗೆ ಒಂದೇ ಪ್ರಶ್ನೆ ಕೇಳಿದ್ರು: "ಬೋರ್ಡು ಅವರದ್ದೇ ಇತ್ತಲ್ಲ, ಊಟ ಮಾತ್ರ ಯಾಕೆ ಬೇರೆ?"

ಭಾವ ಆಮೇಲೆ ಟಿಕೆಟ್ ನೋಡಿದ್ರೆ, ದೊಡ್ಡ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಹೆಸರಿತ್ತು. ಅದು ಆ ಕಂಪನಿಯದ್ದೇ ಅಗ್ಗದ ಮರಿ.

ಅಮ್ಮನ ಆ ಪ್ರಶ್ನೆಯೇ ಇವತ್ತಿನ ಕಂತು. ಊಟ, ಲಗೇಜು, ಒಳ್ಳೇ ಸೀಟು ಎಲ್ಲ ಕೊಟ್ಟು ಹೆಸರು ಮಾಡಿದ ದೊಡ್ಡ ವಿಮಾನ ಕಂಪನಿ, ತನ್ನದೇ ಒಂದು ಕಡಿಮೆ ದರದ ಕಂಪನಿ ಶುರು ಮಾಡಬೇಕಾ, ಬೇಡ್ವಾ? ಇದು ಅವರ ಮನೆ ವಿಷಯ, ನಮಗೇನು ಅಂತ ಅಂದ್ಕೋಬೇಡಿ. ಟಿಕೆಟ್ ದರ, ಸಾವಿರಾರು ಜನರ ಕೆಲಸ, ನಮ್ಮ ಹುಬ್ಬಳ್ಳಿ, ಮಂಗಳೂರಿಗೆ ಬರೋ ವಿಮಾನಗಳ ಸಂಖ್ಯೆ, ಎಲ್ಲ ಈ ಒಂದು ತೀರ್ಮಾನದ ಮೇಲೆ ನಿಂತಿರುತ್ತೆ.

ಮೊದಲು ಒಂದು ಹೋಟೆಲಿನ ಲೆಕ್ಕ ಹೇಳ್ತೀನಿ. ಒಂದು ದೊಡ್ಡ ಹೋಟೆಲ್ ಇದೆ ಅಂದ್ಕೊಳ್ಳಿ. ಮೇಲೆ ಎಸಿ ಹಾಲ್, ಕೆಳಗೆ ಸಾದಾ ಹಾಲ್. ದೋಸೆ ಒಂದೇ, ಅಡುಗೆಮನೆ ಒಂದೇ, ಭಟ್ಟರೂ ಒಬ್ಬರೇ. ಕೆಳಗೆ 60 ರೂಪಾಯಿ, ಮೇಲೆ 90. ಈಗ ಎದುರುಗಡೆ ಒಂದು ದರ್ಶಿನಿ ಬಂತು. ಅಲ್ಲಿ ಕೂರೋಕೆ ಜಾಗ ಇಲ್ಲ, ಸಪ್ಲೈಯರ್ ಇಲ್ಲ, ಟೋಕನ್ ತಗೊಂಡು ನಿಂತು ತಿಂದು ಹೋಗಬೇಕು. ಹತ್ತು ನಿಮಿಷಕ್ಕೆ ಒಬ್ಬ ಗಿರಾಕಿ ಜಾಗ ಬಿಡ್ತಾನೆ. ಅದಕ್ಕೇ ಅವರು 40ಕ್ಕೆ ದೋಸೆ ಕೊಟ್ಟೂ ಲಾಭ ನೋಡ್ತಾರೆ. ದೊಡ್ಡ ಹೋಟೆಲಿನ ಯಜಮಾನರು ಇದನ್ನು ನೋಡಿ, "ನಾವೂ ಕೆಳಗಿನ ಹಾಲಲ್ಲಿ 40 ಮಾಡೋಣ" ಅಂದ್ರೆ ಅದು ದರ್ಶಿನಿ ಆಗಲ್ಲ. ದೋಸೆಯ ದರ ಇಳಿಯಿತು, ಖರ್ಚು ಇಳಿಯಲಿಲ್ಲ. ಮೇಲಿನ ಹಾಲಿನವರು ಮಾತ್ರ ಕೆಳಗೆ ಇಳಿದು ಬಂದ್ರು!

ವಿಮಾನದಲ್ಲೂ ಇಷ್ಟೇ. ಕಡಿಮೆ ದರ ಅಂತ ಬೋರ್ಡ್ ಹಾಕೋದು ಬೇರೆ, ಕಡಿಮೆ ಖರ್ಚಲ್ಲಿ ಹಾರೋದು ಬೇರೆ.

ಖರ್ಚು ಎಲ್ಲಿ ಕಡಿಮೆ ಆಗುತ್ತೆ ನೋಡೋಣ. ಒಂದು ಏರ್‌ಬಸ್ ಎ320 ವಿಮಾನ ತಗೊಳ್ಳಿ. ಬಿಸಿನೆಸ್ ಕ್ಲಾಸ್ ಎಲ್ಲ ಇಟ್ಟು ಆರಾಮಾಗಿ ಜೋಡಿಸಿದ್ರೆ ಸುಮಾರು 150–160 ಸೀಟು. ಎಲ್ಲ ಎಕಾನಮಿ ಮಾಡಿ ಹತ್ತಿರ ಹತ್ತಿರ ಜೋಡಿಸಿದ್ರೆ 180ರಿಂದ 186. ಈಗ ಒಂದು ಹಾರಾಟಕ್ಕೆ ಒಟ್ಟು 9 ಲಕ್ಷ ಖರ್ಚು ಅಂದ್ಕೊಳ್ಳಿ, ಇದು ಉದಾಹರಣೆಗೆ ಮಾತ್ರ. 150 ಸೀಟಿಗೆ ಹಂಚಿದ್ರೆ ತಲೆಗೆ 6,000. 180ಕ್ಕೆ ಹಂಚಿದ್ರೆ 5,000. ಅದೇ ವಿಮಾನ, ಅದೇ ಇಂಧನ, ಸೀಟಿನ ಜೋಡಣೆ ಒಂದರಲ್ಲೇ ಸಾವಿರ ರೂಪಾಯಿ ವ್ಯತ್ಯಾಸ.

ಎರಡನೇದು ಸಮಯ. ವಿಮಾನ ಇಳಿದು, ಜನ ಇಳಿದು, ಮತ್ತೆ ಹತ್ತಿ, ಹೊರಡೋಕೆ ಅಗ್ಗದ ಕಂಪನಿಗಳು ಸುಮಾರು ಅರ್ಧ ಗಂಟೆಯಲ್ಲಿ ಮುಗಿಸೋಕೆ ನೋಡ್ತಾರೆ. ಊಟದ ಟ್ರಾಲಿ ಬದಲಾಯಿಸೋದು, ಬಿಸಿನೆಸ್ ಕ್ಲಾಸ್ ಅಣಿ ಮಾಡೋದು ಅಂತ ಇದ್ರೆ ಅದು ಇನ್ನೂ ಎಳೆಯುತ್ತೆ. ಒಂದು ಸಲಕ್ಕೆ 20 ನಿಮಿಷ ಉಳಿಸಿದ್ರೆ, ದಿನಕ್ಕೆ ಆರು ಸಲಕ್ಕೆ ಎರಡು ಗಂಟೆ. ಎರಡು ಗಂಟೆ ಅಂದ್ರೆ ಇನ್ನೊಂದು ಟ್ರಿಪ್. ಬಾಡಿಗೆ ಕಟ್ಟೋ ವಿಮಾನ ನೆಲದ ಮೇಲೆ ನಿಂತಷ್ಟೂ ನಷ್ಟ, ನಮ್ಮೂರಿನ ಟ್ಯಾಕ್ಸಿ ಓನರ್‌ಗೂ ಗೊತ್ತಿರೋ ಸತ್ಯ.

ಮೂರನೇದು ಒಂದೇ ಜಾತಿಯ ವಿಮಾನ. ಒಂದೇ ಥರದ ಬಿಡಿಭಾಗ, ಒಂದೇ ತರಬೇತಿ, ಯಾವ ಪೈಲಟ್ ಯಾವ ವಿಮಾನಕ್ಕಾದ್ರೂ ಸೈ. 2006ರ ಆಗಸ್ಟಲ್ಲಿ ಶುರುವಾದ ಇಂಡಿಗೋ ಹತ್ತು ವರ್ಷ ಎ320 ಕುಟುಂಬ ಬಿಟ್ಟು ಬೇರೆ ಮುಟ್ಟಲಿಲ್ಲ. 2017ರಲ್ಲಿ ಎಟಿಆರ್ ತಂದಿದ್ದು.

ಆದ್ರೆ ಭಾರತದಲ್ಲಿ ಒಂದು ತೊಡಕಿದೆ. ಇಂಧನದ ಬೆಲೆ ಎಲ್ಲರಿಗೂ ಹತ್ತಿರಹತ್ತಿರ ಒಂದೇ. ವಿಮಾನ ನಿಲ್ದಾಣದ ಶುಲ್ಕ ಒಂದೇ. ಲಂಡನ್ನಿಗೆ ಸ್ಟಾನ್‌ಸ್ಟೆಡ್ ಥರದ ಎರಡನೇ ನಿಲ್ದಾಣ ಇದೆ, ಅಗ್ಗದವರು ಅಲ್ಲಿ ಇಳಿತಾರೆ. ಬೆಂಗಳೂರಲ್ಲಿ? 2008ರಲ್ಲಿ ದೇವನಹಳ್ಳಿ ಶುರುವಾದಾಗ ಎಚ್‌ಎಎಲ್‌ನಿಂದ ಸಾಮಾನ್ಯ ಪ್ರಯಾಣಿಕರ ವಿಮಾನಗಳು ನಿಂತವು. ಶ್ರೀಮಂತರ ವಿಮಾನವೂ ಅಲ್ಲೇ, ಬಡವರ ವಿಮಾನವೂ ಅಲ್ಲೇ. ಅಂದ್ರೆ ಉಳಿಸೋಕೆ ಇರೋ ಜಾಗವೇ ಚಿಕ್ಕದು. ಅಷ್ಟರಲ್ಲೂ ಅರ್ಧ ಮನಸ್ಸಿನಿಂದ ಮಾಡಿದ್ರೆ ಕೈಗೆ ಏನೂ ಸಿಗಲ್ಲ.

ಅರ್ಧ ಮನಸ್ಸಿನಿಂದ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಬೆಂಗಳೂರಿನ ಕಥೆಯೇ ಸಾಕು.

2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದ್ರು. ಆರ್.ಕೆ. ಲಕ್ಷ್ಮಣ್ ಅವರ 'ಕಾಮನ್ ಮ್ಯಾನ್' ಅವರ ಗುರುತು. ಒಂದು ರೂಪಾಯಿ ಟಿಕೆಟ್ ನೆನಪಿದೆ ಅಲ್ವಾ? ಚಪ್ಪಲಿ ಹಾಕಿದವರೂ ವಿಮಾನ ಹತ್ತಿದ್ರು. ಜನ ಬಂದ್ರು, ಆದ್ರೆ ದುಡ್ಡು ನಿಲ್ಲಲಿಲ್ಲ. 2005ರಲ್ಲಿ ಅದೇ ಬೆಂಗಳೂರಿನ ವಿಜಯ್ ಮಲ್ಯ ಕಿಂಗ್‌ಫಿಷರ್ ಶುರು ಮಾಡಿದ್ರು. ಅದು ಪೂರ್ತಿ ಉಲ್ಟಾ, ಎಲ್ಲ ವೈಭವ. 2007ರಲ್ಲಿ ಮಲ್ಯರ ಗುಂಪು ಡೆಕ್ಕನ್‌ನಲ್ಲಿ 26 ಶೇಕಡಾ ಪಾಲು ತಗೊಂಡಿತು, ಆಮೇಲೆ ಎರಡೂ ಒಂದಾದವು. 2008ರಲ್ಲಿ ಡೆಕ್ಕನ್ ಹೋಗಿ 'ಕಿಂಗ್‌ಫಿಷರ್ ರೆಡ್' ಆಯ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಆಗ ನಮ್ಮ ದೇಶದಲ್ಲಿ ಒಂದು ನಿಯಮ ಇತ್ತು. ವಿದೇಶಕ್ಕೆ ಹಾರಬೇಕು ಅಂದ್ರೆ ಕಂಪನಿಗೆ 5 ವರ್ಷ ತುಂಬಿರಬೇಕು, 20 ವಿಮಾನ ಇರಬೇಕು. ಕಿಂಗ್‌ಫಿಷರ್‌ಗೆ 5 ವರ್ಷ ಆಗಿರಲಿಲ್ಲ. ಡೆಕ್ಕನ್‌ಗೆ 2008ರ ಆಗಸ್ಟಿಗೆ 5 ತುಂಬ್ತು. ಮರು ತಿಂಗಳೇ, ಸೆಪ್ಟೆಂಬರಲ್ಲಿ, ಕಿಂಗ್‌ಫಿಷರ್ ಬೆಂಗಳೂರಿಂದ ಲಂಡನ್ನಿಗೆ ಹಾರಿತು. ನನಗನಿಸೋದು ಇಷ್ಟು: ಆ ಖರೀದಿಯಲ್ಲಿ ಡೆಕ್ಕನ್ನಿನ ವಯಸ್ಸಿಗೆ ಇದ್ದ ಬೆಲೆ, ಡೆಕ್ಕನ್ನಿನ ಮಿತವ್ಯಯಕ್ಕೆ ಇರಲಿಲ್ಲ. ದೊಡ್ಡ ಮನೆಯ ಹೆಸರು, ಕೆಂಪು ಬಣ್ಣ ಎಲ್ಲ ಬಂತು, ಬಿಗಿ ಕೈ ಹೋಯ್ತು. 2011ರ ಸೆಪ್ಟೆಂಬರಲ್ಲಿ, ಕಡಿಮೆ ದರದ ಪೈಪೋಟಿ ನಮಗೆ ಬೇಡ ಅಂತ ಹೇಳಿ ಮಲ್ಯ ರೆಡ್ ನಿಲ್ಲಿಸೋ ತೀರ್ಮಾನ ಪ್ರಕಟಿಸಿದ್ರು. ಒಂದೇ ವರ್ಷ. 2012ರ ಅಕ್ಟೋಬರಲ್ಲಿ ತಾಯಿ ಕಂಪನಿಯೂ ನೆಲಕ್ಕಿಳಿಯಿತು. ಸಂಬಳ ಬಾಕಿ ಉಳಿದ ಕುಟುಂಬಗಳ ಕಥೆ ನಿಮ್ಮಲ್ಲಿ ಎಷ್ಟೋ ಜನರಿಗೆ ಹತ್ತಿರದಿಂದ ಗೊತ್ತು.

ಜೆಟ್ ಏರ್‌ವೇಸ್ ನೋಡಿ. 2007ರಲ್ಲಿ 1,450 ಕೋಟಿಗೆ ಏರ್ ಸಹಾರಾ ಕೊಂಡು 'ಜೆಟ್‌ಲೈಟ್' ಅಂತ ಹೆಸರಿಟ್ರು. ಅದು ಸಾಲದು ಅಂತ 2009ರಲ್ಲಿ 'ಜೆಟ್ ಕನೆಕ್ಟ್' ಬಂತು. ಒಂದೇ ಮನೆಯಲ್ಲಿ ಮೂರು ಹೆಸರು. ಜೆಟ್ ಕನೆಕ್ಟ್‌ಗೆ ಬಂದ ವಿಮಾನಗಳು, ಸಿಬ್ಬಂದಿ ಹೆಚ್ಚಾಗಿ ಜೆಟ್‌ನಿಂದಲೇ ಬಂದಿದ್ದು. ಅಂದ್ರೆ ಅದೇ ಅಡುಗೆಮನೆ, ಅದೇ ಭಟ್ಟರು, ದೋಸೆ ಮಾತ್ರ 40. 2014ರ ಕೊನೆಗೆ ಎಲ್ಲ ಮಡಚಿ ಮತ್ತೆ ಒಂದೇ ಜೆಟ್ ಮಾಡಿದ್ರು. 2019ರ ಏಪ್ರಿಲ್ 17ಕ್ಕೆ ಅದೂ ನಿಂತಿತು. ಈ ಎರಡು ಕಂಪನಿ ಮುಳುಗಿದ್ದು ಬರೀ ಅಗ್ಗದ ಮರಿಗಳಿಂದ ಅಂತ ನಾನು ಹೇಳಲ್ಲ. ಸಾಲ ಇತ್ತು, ಇಂಧನದ ಬೆಲೆ ಇತ್ತು, ಆಡಳಿತದ ತಪ್ಪುಗಳಿದ್ದವು. ಆದ್ರೆ ಮನೆಗೆ ಬೆಂಕಿ ಬಿದ್ದಾಗ ಈ ಮರಿಗಳು ನೀರು ತರಲಿಲ್ಲ ಅನ್ನೋದಂತೂ ನಿಜ.

ಇದು ನಮ್ಮವರ ದಡ್ಡತನ ಅಂದ್ಕೊಂಡ್ರೆ ಅದೂ ತಪ್ಪು. ಅಮೆರಿಕದಲ್ಲಿ ಸೌತ್‌ವೆಸ್ಟ್ ಕಂಪನಿಯ ಓಟ ನೋಡಿ 1993ರಲ್ಲಿ ಕಾಂಟಿನೆಂಟಲ್ ಕಂಪನಿ 'ಕಾಂಟಿನೆಂಟಲ್ ಲೈಟ್' ಮಾಡಿತು. 1995ಕ್ಕೆ ಮುಚ್ಚಿತು. ಡೆಲ್ಟಾ 2003ರಲ್ಲಿ 'ಸಾಂಗ್' ಮಾಡಿತು, 2006ಕ್ಕೆ ಮುಗೀತು. ಯುನೈಟೆಡ್ 2004ರಲ್ಲಿ 'ಟೆಡ್' ಮಾಡಿತು, 2009ಕ್ಕೆ ಅದೂ ಇಲ್ಲ. ದುಡ್ಡು, ಬುದ್ಧಿ, ಸಲಹೆಗಾರರು ಯಾವುದಕ್ಕೂ ಬರ ಇಲ್ಲದ ಕಂಪನಿಗಳು ಇವು.

ಯಾಕೆ ಹೀಗೆ? ಬಿ.ಕಾಂ ಓದಿದವರು ಕಾಸ್ಟ್ ಅಕೌಂಟಿಂಗ್ ಪುಸ್ತಕ ನೆನಪು ಮಾಡ್ಕೊಳ್ಳಿ. ಮರಿ ಕಂಪನಿಯ ಒಂದು ವಿಮಾನ ಹೊರಟಿದೆ. 180 ಸೀಟು, ತಲೆಗೆ 5,000, ಒಟ್ಟು 9 ಲಕ್ಷ. ಖರ್ಚೂ 9 ಲಕ್ಷ. ಮರಿಯ ಪುಸ್ತಕದಲ್ಲಿ ನಷ್ಟ ಇಲ್ಲ, ಮೀಟಿಂಗಲ್ಲಿ ಚಪ್ಪಾಳೆ. ಈಗ ಇದನ್ನು ಕೇಳಿ: ಆ 180 ಜನರಲ್ಲಿ 80 ಜನ ನಿನ್ನೆಯವರೆಗೆ ತಾಯಿಯ ವಿಮಾನದಲ್ಲಿ 6,500 ಕೊಟ್ಟು ಹೋಗ್ತಿದ್ದವರು. ತಾಯಿಗೆ 5 ಲಕ್ಷ 20 ಸಾವಿರ ಖೋತಾ. ತಾಯಿಯ ವಿಮಾನ ಖಾಲಿ ಸೀಟು ಹೊತ್ತುಕೊಂಡು ಅದೇ ಖರ್ಚಲ್ಲಿ ಹಾರ್ತಾ ಇದೆ. ಪುಸ್ತಕ ಎರಡು ಇರಬಹುದು, ಮನೆ ಒಂದೇ. ಮನೆ ಲೆಕ್ಕದಲ್ಲಿ ಈ ಟ್ರಿಪ್ಪಿನಿಂದ 5 ಲಕ್ಷದ ತೂತು ಬಿತ್ತು.

ಹಾಗಾದ್ರೆ ಬೇಡವೇ ಬೇಡ ಅಂತ ತೀರ್ಮಾನ ಕೊಡೋಣ್ವಾ? ತಡೀರಿ. ಇನ್ನೊಂದು ಕಡೆಯ ವಾದ ಇದೆ, ಅದು ಗಟ್ಟಿಯಾಗಿಯೇ ಇದೆ. ಆ 80 ಜನ ಹೇಗಿದ್ರೂ ಇಂಡಿಗೋಗೆ ಹೋಗೋರೇ ಆಗಿದ್ರೆ? ಆಗ ತಾಯಿಗೆ ಆ 5 ಲಕ್ಷ ಹೇಗೂ ಹೋಗ್ತಿತ್ತು. ಪರರ ಪಾಲಾಗೋ ಬದಲು ಮಗಳ ಪಾಲಾಗಲಿ ಅನ್ನೋದು ತಪ್ಪಲ್ಲ. ಅಂದ್ರೆ ಇಡೀ ಪ್ರಶ್ನೆ ಇಲ್ಲಿಗೆ ಬಂದು ನಿಲ್ಲುತ್ತೆ: ಮಗಳು ಎಳೆಯೋದು ಎದುರು ಮನೆಯ ಗಿರಾಕಿಯನ್ನಾ, ಅಮ್ಮನ ಗಿರಾಕಿಯನ್ನಾ?

ಇದಕ್ಕೆ ಸರಿಯಾದ ಉತ್ತರ ಹುಡುಕಿಕೊಂಡವರು ಗೆದ್ದಿದ್ದಾರೆ. ಆಸ್ಟ್ರೇಲಿಯಾದ ಕ್ವಾಂಟಾಸ್ 2004ರಲ್ಲಿ ಜೆಟ್‌ಸ್ಟಾರ್ ಶುರು ಮಾಡಿತು. ತಾಯಿ ಸಿಡ್ನಿಯಲ್ಲಿ, ಮಗಳ ಕಚೇರಿ ಮೆಲ್ಬರ್ನ್‌ನಲ್ಲಿ. ತಾವು ಮೊದಲೇ ಕೊಂಡಿದ್ದ ಇಂಪಲ್ಸ್ ಅನ್ನೋ ಸಣ್ಣ ಕಂಪನಿಯನ್ನು ಬುನಾದಿ ಮಾಡಿಕೊಂಡ್ರು. ಬೇರೆ ಮುಖ್ಯಸ್ಥರು, ಬೇರೆ ಸಂಬಳದ ಒಪ್ಪಂದ. ಪ್ರವಾಸಿಗರು ಹೋಗೋ ಊರುಗಳು ಹೆಚ್ಚಾಗಿ ಮಗಳಿಗೆ, ಆಫೀಸಿನವರು ಓಡಾಡೋ ಊರುಗಳು ತಾಯಿಗೆ. ಇಪ್ಪತ್ತು ವರ್ಷ ದಾಟಿದ್ರೂ ನಿಂತಿದೆ. ಅದೇ ಜೆಟ್‌ಸ್ಟಾರ್ ಸಿಂಗಪುರದಲ್ಲಿ ಇಟ್ಟ ಮರಿ, ಜೆಟ್‌ಸ್ಟಾರ್ ಏಷ್ಯಾ, 2025ರ ಜುಲೈಯಲ್ಲಿ ಖರ್ಚು ತಾಳಲಾರದೆ ಮುಚ್ಚಿತು. ಅಂದ್ರೆ ಸೂತ್ರ ಗೊತ್ತಿದ್ದವರಿಗೂ ಎಲ್ಲ ಕಡೆ ಬೆಳೆ ಬರಲ್ಲ.

ಬ್ರಿಟಿಷ್ ಏರ್‌ವೇಸ್‌ನದ್ದು ಇನ್ನೂ ಮಜಾ. 1998ರಲ್ಲಿ 'ಗೋ' ಅಂತ ಶುರು ಮಾಡಿದ್ರು. ಬಾರ್ಬರಾ ಕಸಾನಿ ಅನ್ನೋರಿಗೆ ಪೂರ್ತಿ ಜವಾಬ್ದಾರಿ ಕೊಟ್ರು. ಚೆನ್ನಾಗಿ ಬೆಳೆಯಿತು. ಚೆನ್ನಾಗಿ ಬೆಳೆದದ್ದೇ ತಾಯಿಗೆ ಮುಜುಗರ ಆಯ್ತು. 2001ರಲ್ಲಿ 10 ಕೋಟಿ ಪೌಂಡಿಗಿಂತ ಸ್ವಲ್ಪ ಹೆಚ್ಚಿಗೆ ಮಾರಿಬಿಟ್ರು. ಮರು ವರ್ಷವೇ ಅದನ್ನು ಈಸಿಜೆಟ್ 37.4 ಕೋಟಿ ಪೌಂಡ್ ಕೊಟ್ಟು ಕೊಂಡಿತು. ತಾನೇ ಸಾಕಿದ ಮಗಳು ಎದುರಾಳಿಯ ಮನೆ ಸೇರಿದಳು. ಮರಿ ಸೋತರೂ ಕಷ್ಟ, ಗೆದ್ದರೂ ಅಮ್ಮನಿಗೆ ಸಂಕಟ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಈಗ ನಮ್ಮ ಕರಾವಳಿಗೆ ಬರೋಣ. ಮಂಗಳೂರು, ಉಡುಪಿ ಕಡೆಯವರು ಗಲ್ಫ್‌ಗೆ ಹೋಗಬೇಕಾದ್ರೆ ಹಿಂದೆ ಬಸ್ಸಲ್ಲಿ ಮುಂಬೈಗೆ ಹೋಗಿ ವಿಮಾನ ಹತ್ತಬೇಕಿತ್ತು. 2005ರಲ್ಲಿ ಏರ್ ಇಂಡಿಯಾ ತನ್ನ ಅಗ್ಗದ ಮಗಳು ಏರ್ ಇಂಡಿಯಾ ಎಕ್ಸ್‌ಪ್ರೆಸ್ಸನ್ನು ಕೇರಳದಿಂದ ಗಲ್ಫ್‌ಗೆ ಹಾರಿಸಿತು. 2006ರಲ್ಲಿ ಮಂಗಳೂರಿಗೂ ಬಂತು. ಯೋಚಿಸಿ ನೋಡಿ, ಇದು ಯಾಕೆ ನಿಂತಿತು? ಬೇರೆ ಹೆಸರಲ್ಲಿ ನೋಂದಾಯಿಸಿದ ಬೇರೆ ಕಂಪನಿ, ಆಮೇಲೆ ಕಚೇರಿಯೂ ಕೊಚ್ಚಿಗೆ ಹೋಯ್ತು. ಒಂದೇ ಜಾತಿಯ ವಿಮಾನ, ಬೋಯಿಂಗ್ 737. ಮುಖ್ಯವಾಗಿ ಗಿರಾಕಿ ಬೇರೆ. ಅಲ್ಲಿ ಮೇಸ್ತ್ರಿ ಕೆಲಸ, ಡ್ರೈವರ್ ಕೆಲಸ, ಹೋಟೆಲ್ ಕೆಲಸ ಮಾಡೋರು. ಅವರಿಗೆ ಬೇಕಿದ್ದದ್ದು ನೇರ ವಿಮಾನ, ಕೈಗೆಟುಕೋ ದರ. ವಿಮಾನ ತಡವಾಯ್ತು, ಸೀಟು ಇಕ್ಕಟ್ಟು ಅನ್ನೋ ಬೈಗುಳ ಊರಲ್ಲಿ ನಾನೂ ಕೇಳಿದ್ದೀನಿ. ಆದ್ರೆ ತಾಯಿ ಕಂಪನಿ ನಷ್ಟದಲ್ಲಿ ಮುಳುಗಿದ್ದಾಗ, 2015–16ರಲ್ಲಿ, ಈ ಮಗಳು ಮೊದಲ ಬಾರಿಗೆ ಲಾಭ ಕಂಡಳು, 300 ಕೋಟಿಗೂ ಹೆಚ್ಚು.

2022ರ ಜನವರಿಯಲ್ಲಿ ಇವೆರಡೂ ಟಾಟಾ ಕೈಗೆ ಬಂದವು. ಟಾಟಾ ಹತ್ತಿರ ಅಷ್ಟೊತ್ತಿಗೆ ವಿಸ್ತಾರ ಇತ್ತು, ಬೆಂಗಳೂರಿನಲ್ಲಿ ನೆಲೆ ಇದ್ದ ಏರ್‌ಏಷ್ಯಾ ಇಂಡಿಯಾ ಇತ್ತು. ನಾಲ್ಕನ್ನು ಎರಡು ಮಾಡಿದ್ರು. 2024ರ ಅಕ್ಟೋಬರಲ್ಲಿ ಏರ್‌ಏಷ್ಯಾ ಇಂಡಿಯಾ ಎಕ್ಸ್‌ಪ್ರೆಸ್ಸಲ್ಲಿ ಸೇರಿತು, ನವೆಂಬರಲ್ಲಿ ವಿಸ್ತಾರ ಏರ್ ಇಂಡಿಯಾದಲ್ಲಿ. ಕೇಳೋಕೆ ಅಚ್ಚುಕಟ್ಟು. ಆದ್ರೆ ಒಂದೇ ಜಾತಿಯ ವಿಮಾನ ಅನ್ನೋ ಸೂತ್ರ ಮುರೀತು, ಈಗ 737 ಜೊತೆ ಎ320 ಕೂಡ ಇದೆ. ಎರಡು ಕಂಪನಿಯ ಸಂಬಳ, ರಜೆ, ಹುದ್ದೆ ಹೊಂದಿಸೋದು ಸುಲಭ ಅಲ್ಲ. 2024ರ ಮೇ ತಿಂಗಳಲ್ಲಿ ಎಕ್ಸ್‌ಪ್ರೆಸ್ ಸಿಬ್ಬಂದಿ ಸಾಮೂಹಿಕವಾಗಿ ಅನಾರೋಗ್ಯದ ರಜೆ ಹಾಕಿದ್ದು, ಸಾಲು ಸಾಲು ವಿಮಾನ ರದ್ದಾಗಿದ್ದು ನೆನಪಿರಬೇಕು. ಸಂಸತ್ತಿಗೆ ಸರ್ಕಾರ ಕೊಟ್ಟ ಲೆಕ್ಕದಲ್ಲಿ 2024–25ರಲ್ಲಿ ಎಕ್ಸ್‌ಪ್ರೆಸ್‌ನ ನಷ್ಟ 5 ಸಾವಿರ ಕೋಟಿಗೂ ಹೆಚ್ಚು. ಅದೇ ವರ್ಷ ಇಂಡಿಗೋ ಲಾಭ 7 ಸಾವಿರ ಕೋಟಿಗೂ ಹೆಚ್ಚು. ಬೆಳೆಯೋ ವಯಸ್ಸಿನ ಖರ್ಚು ಅಂತ ಟಾಟಾದವರು ಹೇಳಬಹುದು. ಟಾಟಾಗೆ ಆ ತಾಳ್ಮೆ, ಆ ಜೇಬು ಎರಡೂ ಇದೆ. ಮಲ್ಯರಿಗೆ ಇರಲಿಲ್ಲ.

ಅಂದ ಹಾಗೆ, ಇಂಡಿಗೋ ಏನು ಮಾಡ್ತಿದೆ ನೋಡಿದ್ರಾ? 2024ರ ನವೆಂಬರಿಂದ ತನ್ನದೇ ವಿಮಾನದಲ್ಲಿ ಬಿಸಿನೆಸ್ ಕ್ಲಾಸ್ ಇಡ್ತಿದೆ. ದರ್ಶಿನಿಯವರು ಮೇಲ್ಮಹಡಿಯಲ್ಲಿ ಎಸಿ ಹಾಲ್ ಕಟ್ತಿದ್ದಾರೆ. ಖರ್ಚು ಕಡಿಮೆ ಇಟ್ಟುಕೊಂಡವನು ಮೇಲೆ ಹತ್ತೋದು ಸುಲಭ, ಖರ್ಚು ಜಾಸ್ತಿ ಇರೋನು ಕೆಳಗೆ ಇಳಿಯೋದು ಕಷ್ಟ. ನನ್ನ ಪ್ರಕಾರ ಇಡೀ ಕಥೆಯ ಸಾರ ಇದು.

ಹಾಗಾದ್ರೆ ನನ್ನ ಉತ್ತರ. ದೊಡ್ಡ ಕಂಪನಿ ಅಗ್ಗದ ಮರಿ ಮಾಡಬಹುದು, ಆದ್ರೆ ಹೊರಡೋ ಮುಂಚೆ ಮೂರು ಮಾತಿಗೆ ಹೌದು ಅನ್ನಬೇಕು. ಖರ್ಚು ನಿಜವಾಗಲೂ ಬೇರೆಯಾ? ಮರಿಯ ಮುಖ್ಯಸ್ಥರಿಗೆ ತಾಯಿಯ ವಿರುದ್ಧವೂ ತೀರ್ಮಾನ ತಗೊಳ್ಳೋ ಹಕ್ಕಿದೆಯಾ? ಮರಿ ಹಾರೋ ದಾರಿ, ಮರಿಯ ಗಿರಾಕಿ ಬೇರೆಯಾ? ಮೂರಕ್ಕೂ ಹೌದು ಅಂದ್ರೆ ಮಾಡಿ. ಒಂದಕ್ಕೆ ಇಲ್ಲ ಅಂದ್ರೂ, ಆ ದುಡ್ಡಲ್ಲಿ ತಾಯಿಯ ವಿಮಾನವನ್ನೇ ಸಮಯಕ್ಕೆ ಸರಿಯಾಗಿ ಹಾರಿಸಿ. ಜನ ಅದಕ್ಕೆ 500 ರೂಪಾಯಿ ಹೆಚ್ಚು ಕೊಡ್ತಾರೆ.

"ಕೆಎಸ್‌ಆರ್‌ಟಿಸಿ ಕೆಂಪು ಬಸ್ಸು, ರಾಜಹಂಸ, ಐರಾವತ ಮೂರನ್ನೂ ಓಡಿಸಲ್ವಾ?" ಅಂತ ನನ್ನ ಗೆಳೆಯ ಕೇಳಿದ. ಓಡಿಸುತ್ತೆ. ಆದ್ರೆ ಬಸ್ ಸ್ಟ್ಯಾಂಡಲ್ಲಿ ನಿಂತ ಅಜ್ಜಿಗೂ ಯಾವುದು ಕೆಂಪು ಬಸ್ಸು, ಯಾವುದು ಐರಾವತ ಅಂತ ಕಣ್ಣಿಗೇ ಕಾಣುತ್ತೆ. ಹತ್ತಿದ ಮೇಲೆ ಆಶ್ಚರ್ಯ ಇರಲ್ಲ. ನಾನು ಮೂರರ ಜೊತೆ ನಾಲ್ಕನೇ ಮಾತು ಸೇರಿಸೋದು ಇದನ್ನೇ. ಹೆಸರು ಸ್ಪಷ್ಟ ಇರಲಿ. ಅಗ್ಗ ಅಂದ್ರೆ ಅಗ್ಗ ಅಂತಲೇ ಹೇಳಿ, ದೊಡ್ಡ ಹೆಸರಿನ ನೆರಳಲ್ಲಿ ಅಗ್ಗದ್ದನ್ನು ಮಾರಬೇಡಿ.

ನೀವೂ ಟಿಕೆಟ್ ತೆಗೆಯೋವಾಗ ಒಂದು ಕೆಲಸ ಮಾಡಿ. ದರ ನೋಡೋ ಮುಂಚೆ ವಿಮಾನದ ಸಂಖ್ಯೆಯ ಮುಂದಿರೋ ಎರಡು ಅಕ್ಷರ ನೋಡಿ. ಎಐ ಇದ್ರೆ ಏರ್ ಇಂಡಿಯಾ, ಐಎಕ್ಸ್ ಇದ್ರೆ ಎಕ್ಸ್‌ಪ್ರೆಸ್. ಹಾರಿಸೋರು ಯಾರು ಅಂತ ಪಕ್ಕದಲ್ಲಿ ಬರೆದಿರೋದನ್ನೂ ಓದಿ. ಊಟ ಇದೆಯಾ, ಲಗೇಜು ಎಷ್ಟು ಕಿಲೋ, ಸೀಟಿಗೆ ಬೇರೆ ದುಡ್ಡಾ ನೋಡಿ, ಎಲ್ಲ ಕೂಡಿಸಿ ಆಮೇಲೆ ಹೋಲಿಸಿ. ಎಷ್ಟೋ ಸಲ ಅಗ್ಗದ ಟಿಕೆಟ್ಟೇ ದುಬಾರಿ ಆಗಿರುತ್ತೆ.

ಅಮ್ಮ ಆಮೇಲೆ ಮೂರ್ನಾಲ್ಕು ಸಲ ದೆಹಲಿಗೆ ಹೋಗಿ ಬಂದಿದ್ದಾರೆ. ಯಾವ ಕಂಪನಿ ಅಂತ ಕೇಳೋದೇ ಇಲ್ಲ ಈಗ. ಹಿಂದಿನ ರಾತ್ರಿಯೇ ಚಪಾತಿ, ಪಲ್ಯ ಡಬ್ಬಿಗೆ ಹಾಕಿಟ್ಟಿರ್ತಾರೆ.